ನಮ್ಮ ಲಿಫ್ಟ್ ಬಿದ್ದದ್ದು ಮೇಲಕ್ಕೆ

ಲಿಫ್ಟ್ ಕೆಟ್ಟರೆ ಕೆಳಗೆ ಬೀಳುತ್ತದೆ ಅಂತ ಎಲ್ಲರ ಹಾಗೆ ನಾನೂ ಅಂದುಕೊಂಡಿದ್ದೆ. ನಮ್ಮದು ಮೇಲಕ್ಕೆ ಹೋಯಿತು. ಒಳಗೆ ನನ್ನ ಅಮ್ಮ ಇದ್ದಳು, ಜೊತೆಗೆ ಮೂರನೇ ಮಹಡಿಯ ಒಂಬತ್ತು ವರ್ಷದ ಹುಡುಗ. ಬಾಗಿಲು ಅರ್ಧ ತೆರೆದೇ ಇತ್ತು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಲ್ಲಿ ಇರುವವರು, ಅದರಲ್ಲೂ ದುಡ್ಡಿನ ಲೆಕ್ಕ ನೋಡುವವರು, ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಕಟ್ಟಡದ ಖಜಾಂಚಿ ನಾನೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮದು ಬೆಂಗಳೂರಿನ ಬನಶಂಕರಿ ಕಡೆ ನಾಲ್ಕು ಮಹಡಿಯ ಹಳೇ ಕಟ್ಟಡ. ಹದಿನಾರು ಮನೆ, ಒಂದೇ ಲಿಫ್ಟ್. ಅಮ್ಮ ಮಂಡಿ ನೋವು ತೋರಿಸಿಕೊಳ್ಳಲು ತೀರ್ಥಹಳ್ಳಿಯಿಂದ ಬಂದಿದ್ದಳು. ಅವತ್ತು ಶನಿವಾರ. ಗೇಟಿನ ಹತ್ತಿರ ಸೊಪ್ಪಿನ ಗಾಡಿ ಬಂತು ಅಂತ ಕೆಳಗೆ ಹೋದವಳು, ಎರಡು ಕಟ್ಟು ದಂಟಿನ ಸೊಪ್ಪು ಹಿಡಿದು ಲಿಫ್ಟ್ ಹತ್ತಿದಳು. ಆಟ ಮುಗಿಸಿ ಬಂದ ಹುಡುಗನೂ ಹತ್ತಿದ.

ಎರಡನೇ ಮಹಡಿಯಲ್ಲಿ ಲಿಫ್ಟ್ ನಿಂತಿತು. ಬಾಗಿಲು ತೆರೆಯಲು ಶುರುವಾಯಿತು. ಅಮ್ಮ ಹೊರಗೆ ಇಡಲು ಕಾಲು ಎತ್ತಿದ್ದಳು. ಆಗ ಎದುರಿಗಿದ್ದ ನೆಲ ಮೆಲ್ಲಗೆ ಕೆಳಗೆ ಇಳಿಯತೊಡಗಿತಂತೆ. 'ತಲೆ ಸುತ್ತುತ್ತಿದೆ ಅಂದುಕೊಂಡೆ ಕಣೋ' ಅಂತ ಆಸ್ಪತ್ರೆಯಲ್ಲಿ ಹೇಳಿದಳು. ಹುಡುಗ ಮಾತ್ರ ಸರಿಯಾಗಿ ನೋಡಿದ್ದ. 'ಅಜ್ಜಿ, ಬೇಡ' ಅಂತ ಕೂಗಿ ಹಿಂದಿನಿಂದ ಸೆರಗು ಹಿಡಿದು ಎಳೆದ. ಅವನು ಎಳೆಯದೇ ಇದ್ದಿದ್ದರೆ ಅಮ್ಮನ ದೇಹ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತಿತ್ತು. ಬಾಗಿಲ ಮೇಲಿನ ಚೌಕಟ್ಟಿಗೂ ಮೇಲೇರುವ ಲಿಫ್ಟಿನ ನೆಲಕ್ಕೂ ನಡುವೆ. ಇದನ್ನು ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಆಗುವುದಿಲ್ಲ.

ಲಿಫ್ಟ್ ತೆರೆದ ಬಾಗಿಲಿನಲ್ಲೇ ಮೇಲೇರಿತು. ಎದುರಿಗೆ ಬರೀ ಗೋಡೆ ಸರಿಯುತ್ತಿತ್ತು. ಹುಡುಗ ಇದ್ದಬದ್ದ ಗುಂಡಿ ಎಲ್ಲ ಒತ್ತಿದ. ಅಲಾರಂ ಒತ್ತಿದ, ಶಬ್ದವೇ ಬರಲಿಲ್ಲ. ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ನಾಲ್ಕನೇ ಮಹಡಿಯನ್ನೂ ದಾಟಿ ಧಡ್ ಅಂತ ನಿಂತಿತು. ಆ ಹೊಡೆತಕ್ಕೆ ಇಬ್ಬರೂ ಬಿದ್ದರು. ಅಮ್ಮ ಕೈಯೂರಿ ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು.

ಸದ್ದು ಕೇಳಿ ನಾವೆಲ್ಲ ಓಡಿದೆವು. ವಾಚ್‌ಮನ್ ತ್ರಿಕೋನದ ಕೀಲಿ ತಂದು ನಾಲ್ಕನೇ ಮಹಡಿಯ ಬಾಗಿಲು ತೆಗೆದ. ಲಿಫ್ಟಿನ ನೆಲ ನಮ್ಮ ನೆಲಕ್ಕಿಂತ ಒಂದಡಿ ಮೇಲಿತ್ತು. ಅದರ ಕೆಳಗೆ ಕತ್ತಲು, ನಾಲ್ಕು ಮಹಡಿ ಆಳ. ಅಮ್ಮ ನೆಲದ ಮೇಲೆ ಕೂತು ಕೈ ಹಿಡಿದುಕೊಂಡು ನರಳುತ್ತಿದ್ದಳು. ನಾನು ಮತ್ತು ಪಕ್ಕದ ಮನೆಯವರು ಒಳಗೆ ಹತ್ತಿ ಎತ್ತಿಕೊಂಡು ಬರಲು ಹೊರಟೆವು. ನನ್ನ ಒಂದು ಕಾಲು ಆಗಲೇ ಒಳಗಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದು ಎಳೆದರು. ಒಂದನೇ ಮಹಡಿಯ ಹಿರಿಯರು, ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. 'ಒಳಗೆ ಯಾರೂ ಹತ್ತಬೇಡ್ರೀ! ಮೊದಲು ಮೇನ್ ಆಫ್ ಮಾಡಿ!' ಅಂತ ಕೂಗಿದರು.

ಮೇನ್ ಇರುವುದು ಟೆರೇಸಿನ ಮೇಲಿನ ಮಷೀನ್ ರೂಮಿನಲ್ಲಿ. ಅದರ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಬೀಗವನ್ನು ಕಲ್ಲಿನಿಂದ ಒಡೆದೆವು. ತುಕ್ಕು ಹಿಡಿದಿತ್ತು, ನಾಲ್ಕೇ ಏಟಿಗೆ ಬಿತ್ತು. ಆ ತುಕ್ಕು ನೋಡಿದಾಗಲೇ ನನಗೆ ಏನೋ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆಮೇಲೆ ಸಂದಿಗೆ ಅಡ್ಡ ಹಲಗೆ ಹಾಕಿ, ಹೊರಗಿನಿಂದಲೇ ಕೈಕೊಟ್ಟು ಇಬ್ಬರನ್ನೂ ಇಳಿಸಿಕೊಂಡೆವು.

ಲಿಫ್ಟ್ ಮೇಲಕ್ಕೆ ಯಾಕೆ ಹೋಯಿತು ಅನ್ನುವುದು ಎರಡು ದಿನ ಬಿಟ್ಟು ಗೊತ್ತಾಯಿತು. ನಮ್ಮ ನಿರ್ವಹಣೆ ಕಂಪನಿಯವರು ಫೋನ್ ಎತ್ತಲಿಲ್ಲ. ಹಿರಿಯರೇ ತಮಗೆ ಗೊತ್ತಿದ್ದ ಒಬ್ಬ ಹಳೇ ಮೆಕ್ಯಾನಿಕ್‌ನನ್ನು ಕರೆಸಿದರು. ಮಂಗಳೂರು ಕಡೆಯವರು, ಅರವತ್ತರ ಆಸುಪಾಸು. ಬಂದವರೇ ಟೀ ಕೂಡ ಬೇಡ ಅಂತ ನೇರ ಮೇಲೆ ಹೋದರು. ನಾಲ್ಕು ಗಂಟೆ ಅಲ್ಲೇ ಇದ್ದರು. ನಾನೂ ಇದ್ದೆ. ಮಷೀನ್ ರೂಮನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಕಿಟಕಿಯ ಗಾಜು ಒಡೆದು ಪಾರಿವಾಳ ಗೂಡು ಕಟ್ಟಿತ್ತು.

'ನಿಮ್ಮ ಊರಲ್ಲಿ ಬಾವಿ ಇದೆಯಾ?' ಅಂತ ಕೇಳಿದರು. ಇದೆ ಅಂದೆ. 'ರಾಟೆಯ ಒಂದು ಕಡೆ ಕೊಡ, ಇನ್ನೊಂದು ಕಡೆ ಕಲ್ಲು ಕಟ್ಟಿದ ಹಾಗೆ ಇದು.' ಲಿಫ್ಟಿನ ಹಗ್ಗದ ಇನ್ನೊಂದು ತುದಿಯಲ್ಲಿ ಭಾರದ ಕಟ್ಟು ಇರುತ್ತದೆ, ಕೌಂಟರ್‌ವೇಟ್ ಅನ್ನುತ್ತಾರೆ. ಖಾಲಿ ಲಿಫ್ಟಿನ ತೂಕ, ಅದರ ಮೇಲೆ ಅದು ಹೊರಬಹುದಾದ ಭಾರದ ಹತ್ತಿರ ಹತ್ತಿರ ಅರ್ಧ, ಇಷ್ಟು ತೂಕ ಅದಕ್ಕೆ. ನಮ್ಮದು ಆರು ಜನರ ಲಿಫ್ಟ್. ತಲೆಗೆ 68 ಕೆಜಿ ಲೆಕ್ಕದಲ್ಲಿ 408 ಕೆಜಿ. ಅರ್ಧ ಅಂದರೆ 204. ಅಮ್ಮ ಮತ್ತು ಹುಡುಗ ಸೇರಿ 80 ಕೆಜಿ ಇರಬಹುದು. ಅಂದರೆ ಆಚೆ ಕಡೆ ನೂರು ಕೆಜಿಗಿಂತ ಜಾಸ್ತಿ ಎಳೆತ. ಹಿಡಿತ ತಪ್ಪಿದರೆ ಹಗುರ ಇರುವ ಲಿಫ್ಟ್ ಮೇಲಕ್ಕೇ ಹೋಗಬೇಕು, ಕೌಂಟರ್‌ವೇಟ್ ತಳದ ಹಳ್ಳದಲ್ಲಿರುವ ಸ್ಪ್ರಿಂಗಿಗೆ ಬಡಿದ ಮೇಲೆ ನಿಲ್ಲಬೇಕು. ಆದದ್ದು ಅದೇ.

ನಾನೂ ಪಕ್ಕದ ಮನೆಯವರೂ ಒಳಗೆ ಹತ್ತಿದ್ದರೆ? ಇಬ್ಬರದ್ದು 150 ಕೆಜಿ ಆಗುತ್ತಿತ್ತು. ಒಟ್ಟು 230. ತಕ್ಕಡಿ ಈ ಕಡೆ ವಾಲಿ, ಲಿಫ್ಟ್ ತೆರೆದ ಬಾಗಿಲಿನಲ್ಲೇ ಕೆಳಕ್ಕೆ ಜಾರಬಹುದಿತ್ತು. ಮೆಕ್ಯಾನಿಕ್ ಇದನ್ನು ಸುಮ್ನೆ ಹವಾಮಾನ ಹೇಳುವ ಹಾಗೆ ಹೇಳಿದರು. ನಾನು ಅಲ್ಲೇ ಕೆಳಗೆ ಕೂತೆ.

ಇದನ್ನೆಲ್ಲ ಹಿಡಿದು ನಿಲ್ಲಿಸುವುದು ಬ್ರೇಕ್. ಕರೆಂಟ್ ಹೋದರೆ ಲಿಫ್ಟ್ ಬೀಳುತ್ತದೆ ಅನ್ನುವ ಭಯ ಸುಮಾರು ಜನಕ್ಕಿದೆ, ಆದರೆ ಅದು ಉಲ್ಟಾ. ಬ್ರೇಕನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟ್. ಕರೆಂಟ್ ಹೋದರೆ ಬ್ರೇಕ್ ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಸ್ಪ್ರಿಂಗ್ ಒತ್ತುತ್ತಲೇ ಇತ್ತು. ಆದರೆ ಗೇರ್ ಬಾಕ್ಸಿನ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಹೋಗಿ, ಎಣ್ಣೆ ಸೋರಿ ಬ್ರೇಕಿನ ಡ್ರಮ್ಮಿಗೆ ಮೆತ್ತಿಕೊಂಡಿತ್ತು. ಡ್ರಮ್ಮನ್ನು ಒತ್ತಿ ಹಿಡಿಯುವ ಪಟ್ಟಿ, ಅಂದರೆ ಲೈನಿಂಗ್, ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆ ಹಚ್ಚಿದ ಕೈಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸಿ ನೋಡಿ, ಹಾಗೆ.

ಗೇರ್ ಬಾಕ್ಸಿನ ಕೆಳಗೆ ಒಂದು ಹಳೇ ಪೇಂಟ್ ಡಬ್ಬ ಇತ್ತು. ಸೋರುವ ಎಣ್ಣೆಗೆ ಯಾರೋ ಇಟ್ಟದ್ದು. ಅದು ಯಾವಾಗಲೋ ತುಂಬಿ ನೆಲದ ಮೇಲೆ ಹರಿದಿತ್ತು. ತಿರುಗುವ ಶಾಫ್ಟಿನ ಸುತ್ತ ಬನಿಯನ್ ವೇಸ್ಟ್, ಅಂದರೆ ಬಟ್ಟೆ ಚಿಂದಿ, ಸುತ್ತಿದ್ದರು. ಅಂದರೆ ಈ ವಿಷಯ ಗೊತ್ತಿದ್ದವರು ಇದ್ದರು.

ಹಗ್ಗ ಕಡಿದು ಲಿಫ್ಟ್ ಬೀಳುವುದು ಬಲು ಅಪರೂಪ. ಒಂದಕ್ಕಿಂತ ಜಾಸ್ತಿ ಹಗ್ಗ ಇರುತ್ತವೆ. ಅಮೆರಿಕದ ಲಿಫ್ಟ್ ತಯಾರಕ ಇಲೈಷಾ ಓಟಿಸ್ 1854ರಲ್ಲಿ ನ್ಯೂಯಾರ್ಕ್‌ನ ಜನರ ಮುಂದೆ ತಾನು ನಿಂತಿದ್ದ ಅಟ್ಟಣಿಗೆಯ ಹಗ್ಗವನ್ನೇ ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸಿದ್ದ. ಬೀಳುವ ಲಿಫ್ಟನ್ನು ಹಿಡಿದು ನಿಲ್ಲಿಸುವ ಆ ತತ್ವದ ಸಾಧನ ನಮ್ಮ ಲಿಫ್ಟಿನಲ್ಲೂ ಇದೆ. ಆದರೆ ನಮ್ಮ ಹಳೇ ಲಿಫ್ಟಿನಲ್ಲಿ ಅದು ಹಿಡಿಯುವುದು ಕೆಳಕ್ಕೆ ಜೋರಾಗಿ ಬಿದ್ದಾಗ ಮಾತ್ರ. ಮೇಲಕ್ಕೆ ಜಾರಿದರೆ ಅದಕ್ಕೆ ಸಂಬಂಧವೇ ಇಲ್ಲ. ಅಲ್ಲಿ ಇರುವುದು ಬ್ರೇಕ್ ಒಂದೇ.

ಇನ್ನು ನಮಗೆ ಮೊದಲೇ ಸೂಚನೆ ಸಿಕ್ಕಿರಲಿಲ್ವಾ? ಸಿಕ್ಕಿತ್ತು, ತಿಂಗಳುಗಟ್ಟಲೆ ಸಿಕ್ಕಿತ್ತು. ಬೆಳಗ್ಗೆ ಒಬ್ಬನೇ ಹಾಲು ತಂದು ಮೇಲೆ ಬರುವಾಗ ಲಿಫ್ಟ್ ನೆಲಕ್ಕಿಂತ ಎರಡು ಬೆರಳು ಮೇಲೆ ನಿಲ್ಲುತ್ತಿತ್ತು. ಐದಾರು ಜನ ಇದ್ದರೆ ಅಷ್ಟು ಮೇಲೆ ಹೋಗುತ್ತಿರಲಿಲ್ಲ. ಆಮೇಲೆ ಎರಡು ಬೆರಳು ನಾಲ್ಕಾಯಿತು. ಕಸದ ಡ್ರಮ್ ತಳ್ಳಿಕೊಂಡು ಬರುವ ಅಕ್ಕ, 'ಲಿಫ್ಟಿಗೂ ಮೆಟ್ಲು ಬಂದೈತೆ ಸಾರ್' ಅಂತ ನಕ್ಕಿದ್ದಳು. ನಾವೂ ನಕ್ಕೆವು. ನಾವು ಮಾಡಿದ್ದು ಏನು ಗೊತ್ತಾ? 'ನೋಡಿ ಹೆಜ್ಜೆ ಇಡಿ' ಅಂತ ಸ್ಟಿಕರ್ ಮಾಡಿಸಿ ಪ್ರತಿ ಮಹಡಿಯಲ್ಲೂ ಅಂಟಿಸಿದೆವು. ಬ್ರೇಕ್ ಜಾರುತ್ತಿರುವುದಕ್ಕೆ ಸ್ಟಿಕರ್ ಔಷಧಿ! ಅದರ ಖರ್ಚನ್ನೂ ನಾನೇ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ.

ಕಂಪನಿಯ ಮೇಲೆ ದೂರು ಕೊಡಬೇಕು ಅಂತ ಲಾಗ್ ಬುಕ್ ತೆಗೆದೆ. ತಿಂಗಳು ತಿಂಗಳೂ ಸಹಿ ಇದೆ. 'ಸರ್ವಿಸ್ ಮಾಡಲಾಗಿದೆ, ಚೆನ್ನಾಗಿದೆ.' ಮೂರು ತಿಂಗಳ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓಘದಲ್ಲಿ ಹಾಕಿದ ಹಾಗಿದೆ. ಗೇಟಿನ ಕ್ಯಾಮೆರಾ ನೋಡಿದೆವು. ಹೋದ ಸಲ ಸರ್ವಿಸಿಗೆ ಬಂದ ಹುಡುಗ ಏಳು ನಿಮಿಷ ಇದ್ದ. ಬೈಕಿನಿಂದ ಇಳಿದು, ಲಿಫ್ಟಿನಲ್ಲಿ ಒಂದು ಸಲ ಮೇಲೆ ಕೆಳಗೆ ಹೋಗಿ, ವಾಚ್‌ಮನ್ ಹತ್ತಿರ ಸಹಿ ಹಾಕಿಸಿಕೊಂಡು ಹೋಗಿದ್ದ. ಆ ಬೀಗಕ್ಕೆ ತುಕ್ಕು ಹಿಡಿಯದೆ ಇನ್ನೇನು?

ನನಗೆ ಸಿಟ್ಟು ನೆತ್ತಿಗೇರಿತ್ತು. ಪುಟ ಹಿಂದೆ ಹಿಂದೆ ತಿರುಗಿಸಿದೆ. ಹದಿನಾಲ್ಕು ತಿಂಗಳ ಹಿಂದಿನ ಪುಟದಲ್ಲಿ ಬೇರೆ ಯಾವನೋ ಹುಡುಗ ಸೊಟ್ಟ ಅಕ್ಷರದಲ್ಲಿ ಬರೆದಿದ್ದ: 'ಗೇರ್ ಆಯಿಲ್ ಲೀಕ್. ಸೀಲ್ ಬದಲಾಯಿಸಬೇಕು. ಬ್ರೇಕ್ ಡ್ರಮ್ ಹತ್ತಿರ ಬರುತ್ತಿದೆ. ತಿಳಿಸಲಾಗಿದೆ.' ಕೆಳಗೆ ಸಹಿ ಇತ್ತು. ನನ್ನದು.

ಆಗ ನೆನಪಾಯಿತು. ಮಷೀನ್ ಬಿಚ್ಚಿ ಸೀಲ್ ಹಾಕಲು 18 ಸಾವಿರ ಅಂತ ಕೊಟೇಶನ್ ಬಂದಿತ್ತು. ಅದೇ ತಿಂಗಳು ಸಂಪ್ ರಿಪೇರಿ ಇತ್ತು. 'ಮುಂದಿನ ತಿಂಗಳು ನೋಡೋಣ' ಅಂದಿದ್ದೆ. ಆ ಹುಡುಗ ಕೆಲಸ ಬಿಟ್ಟ. ಆಮೇಲೆ ಬಂದವರು ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇನ್ನೂ ಒಂದಿದೆ. ಹಿಂದೆ ನಮ್ಮದು ಬಿಡಿಭಾಗಗಳೂ ಸೇರಿದ ವಾರ್ಷಿಕ ಕರಾರು ಆಗಿತ್ತು, ವರ್ಷಕ್ಕೆ 52 ಸಾವಿರ. ನಾನು ಖಜಾಂಚಿ ಆದ ಮೇಲೆ ಅದನ್ನು ಬಿಡಿಸಿ, ಬರೀ ಸರ್ವಿಸ್ ಮಾಡಿ ಹೋಗುವ 24 ಸಾವಿರದ ಕರಾರು ಮಾಡಿಸಿದೆ. ಸಾಮಾನ್ಯ ಸಭೆಯಲ್ಲಿ ಚಪ್ಪಾಳೆ ಬಿತ್ತು. ಉಳಿದದ್ದು 28 ಸಾವಿರ. ಮನೆಗೆ ತಿಂಗಳಿಗೆ 146 ರೂಪಾಯಿ. ಎರಡು ಮಸಾಲೆ ದೋಸೆಯ ದುಡ್ಡು. ಭಾಗ ಬದಲಿಸಿದರೆ ದುಡ್ಡು ಬೇರೆ ಅಂದಾಗ ನಾವು ಯಾವ ಭಾಗವನ್ನೂ ಬದಲಿಸಲಿಲ್ಲ, ಅಷ್ಟೇ. ಕಡಿಮೆ ದುಡ್ಡಿನ ಕರಾರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ರಿಪೇರಿಗೆ ಅಂತ ಬೇರೆ ದುಡ್ಡು ತೆಗೆದಿಡುವ ಕಟ್ಟಡಗಳಿಗೆ ಅದು ನಡೆಯಬಹುದು. ನಾವು ಇಡಲಿಲ್ಲ. ಅಮ್ಮನ ಕೈಗೆ ಪ್ಲೇಟ್ ಹಾಕಿಸಲು ಲಕ್ಷದ ಮೇಲಾಯಿತು.

ಲೈಸೆನ್ಸ್ ಕಥೆಯೂ ಇದೆ. ಕರ್ನಾಟಕದಲ್ಲಿ ಲಿಫ್ಟ್ ನಡೆಸಲು 2012ರ ಕಾಯ್ದೆ ಪ್ರಕಾರ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ನಮ್ಮದು ಇನ್ನೂ ಕಟ್ಟಡ ಕಟ್ಟಿಸಿದವರ ಹೆಸರಿನಲ್ಲೇ ಇತ್ತು. ಅವಧಿ ಮುಗಿದಿತ್ತು. ಲಿಫ್ಟಿನ ಒಳಗೆ ಫ್ರೇಮ್ ಹಾಕಿ ತೂಗುಹಾಕಿದ್ದೆವು, ದಿನಾ ಅದರ ಎದುರಿಗೇ ನಿಂತು ಹೋಗುತ್ತಿದ್ದೆವು. ಹದಿನಾರು ಮನೆಯಲ್ಲಿ ಒಬ್ಬರೂ ದಿನಾಂಕ ಓದಿರಲಿಲ್ಲ. ನೀವು ಇವತ್ತು ಲಿಫ್ಟ್ ಹತ್ತಿದಾಗ ಅದನ್ನೊಂದು ಓದಿ.

ಹಳೇ ಮೆಕ್ಯಾನಿಕ್ ನನಗೆ ಕೆಲವು ಕೆಲಸ ಕಲಿಸಿದರು, ಯಾರು ಬೇಕಾದರೂ ಮಾಡಬಹುದು. ಒಬ್ಬರೇ ಇದ್ದಾಗ ಲಿಫ್ಟ್ ಪ್ರತಿ ಮಹಡಿಯಲ್ಲಿ ನೆಲಕ್ಕೆ ಸರಿಯಾಗಿ ನಿಲ್ಲುತ್ತದಾ ನೋಡುವುದು. ಬೆರಳೆರಡರಷ್ಟು ಏರುಪೇರು ಕಂಡರೆ ಆವತ್ತೇ ಲಿಫ್ಟ್ ಬಂದ್ ಮಾಡಿಸುವುದು. ತಿಂಗಳಿಗೊಮ್ಮೆ ಅಲಾರಂ ಒತ್ತಿ ಸದ್ದು ಕೇಳುವುದು. ಲಿಫ್ಟ್ ಬೇರೆ ಮಹಡಿಯಲ್ಲಿ ಇರುವಾಗ ಹೊರಬಾಗಿಲನ್ನು ಕೈಯಲ್ಲಿ ಸ್ವಲ್ಪ ಎಳೆದು ನೋಡುವುದು, ಅದು ತೆರೆಯಲೇಬಾರದು. ಬಾಗಿಲಿನ ಸ್ವಿಚ್ ಕೈಕೊಟ್ಟಾಗ ತಂತಿ ಜೋಡಿಸಿ ಬೈಪಾಸ್ ಮಾಡಿ ಹೋಗುವವರೂ ಇದ್ದಾರೆ ಅಂದರು. ಹಾಗೆ ಮಾಡಿದರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ಮಳೆ ಬಂದ ಮರುದಿನ ಕೆಳಗಿನ ಗುಂಡಿಯಲ್ಲಿ ನೀರು ನಿಂತಿದೆಯಾ ಅಂತ ಮೆಕ್ಯಾನಿಕ್ ಕೈಲಿ ನೋಡಿಸುವುದು.

ಮತ್ತೆ, ಸಿಕ್ಕಿಹಾಕಿಕೊಂಡರೆ ಒಳಗೇ ಇರಿ. ಲಿಫ್ಟ್ ಗಾಳಿ ಆಡದ ಡಬ್ಬ ಅಲ್ಲ, ಉಸಿರು ಕಟ್ಟುವುದಿಲ್ಲ. ಬಾಗಿಲು ಬಲವಂತವಾಗಿ ತೆಗೆದು ಹಾರಬೇಡಿ. ಹೊರಗಿದ್ದವರು ಮೇನ್ ಆಫ್ ಮಾಡಿ, ಮೆಕ್ಯಾನಿಕ್ ಅಥವಾ ಅಗ್ನಿಶಾಮಕ ದಳದವರು ಬರುವ ತನಕ ಒಳಗಿದ್ದವರ ಜೊತೆ ಮಾತಾಡುತ್ತಾ ಇರಿ. ನಾವು ಮಾಡಿದ ಹಾಗೆ ಮಾಡಬೇಡಿ, ನಮ್ಮದು ಅದೃಷ್ಟ.

ಈಗ ಮಷೀನ್ ರೂಮಿನ ಬೀಗದ ಕೈ ವಾಚ್‌ಮನ್ ಹತ್ತಿರ ಒಂದು, ನನ್ನ ಹತ್ತಿರ ಒಂದು. ಪ್ರತಿ ತಿಂಗಳ ಮೊದಲ ಶನಿವಾರ ಮೆಕ್ಯಾನಿಕ್ ಬಂದಾಗ ನಾನೂ ಮೇಲೆ ಹೋಗುತ್ತೇನೆ. ನನಗೆ ಏನೂ ಅರ್ಥ ಆಗದಿದ್ದರೂ ಒಬ್ಬ ಮನುಷ್ಯ ನಿಂತು ನೋಡುತ್ತಿದ್ದರೆ ಏಳು ನಿಮಿಷದ ಕೆಲಸ ಒಂದು ಗಂಟೆಯದ್ದಾಗುತ್ತದೆ. ಸೀಲ್, ಲೈನಿಂಗ್, ಬ್ಯಾಟರಿ ಎಲ್ಲ ಬದಲಾಗಿದೆ. ಕರಾರು ಮತ್ತೆ ಹಳೇ ತರಹದ್ದು.

ಅಮ್ಮ ಊರಿಗೆ ಹೋದಳು. ಹುಡುಗನಿಗೆ ಅಂತ ಎರಡು ಸಲ ಕೋಡುಬಳೆ ಕಳಿಸಿದ್ದಾಳೆ.

ಮೊನ್ನೆ ವಾರ್ಷಿಕ ಸಭೆ ಇತ್ತು. ಒಬ್ಬರು ಕೈ ಎತ್ತಿ, 'ಈ ವರ್ಷ ಲಿಫ್ಟ್ ಒಂದು ಸಲಾನೂ ಕೆಟ್ಟಿಲ್ಲ. ಹಾಗಿದ್ದ ಮೇಲೆ ಇಷ್ಟೊಂದು ದುಡ್ಡು ಯಾಕೆ ಕೊಡಬೇಕು?' ಅಂತ ಕೇಳಿದರು. ನಾನು ಹಳೇ ಲಾಗ್ ಬುಕ್ ತೆಗೆದು, ಆ ಪುಟ ಬಿಡಿಸಿ, ಅವರ ಕೈಗೆ ಕೊಟ್ಟೆ.