ದಂತ ಕಾಲೇಜಿನಲ್ಲಿ ದವಡೆಕೀಲಿನ ಪರೀಕ್ಷೆ: ನನ್ನ ಅನುಭವ

ಮೂರು ತಿಂಗಳಿನಿಂದ ಬಲಗಿವಿ ನೋಯುತ್ತಿತ್ತು. ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟರೆ ಸಾಕು, ಕಿವಿಯ ಮುಂದೆ ಲಟಕ್ಕೆಂಬ ಸದ್ದು, ಬೆನ್ನಲ್ಲೇ ನೋವು. ಕಿವಿಗೆ ಹನಿ ಹಾಕಿದ್ದಾಯಿತು. ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ದವಡೆಹಲ್ಲಿಗೆ ರೂಟ್ ಕೆನಾಲ್ ಆಗಲೇಬೇಕು ಎಂದರು. ದವಡೆಯನ್ನು ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಕೊನೆಗೆ ಜಿಲ್ಲಾ ಕೇಂದ್ರದ ದಂತ ಕಾಲೇಜಿನ ಆಸ್ಪತ್ರೆಗೆ ಹೋದೆ. ನನ್ನನ್ನು ನೋಡಿದವರು ಸ್ನಾತಕೋತ್ತರ ವಿದ್ಯಾರ್ಥಿನಿ. ಮುಖ ಮುಟ್ಟುವ ಮೊದಲು ಮೇಜಿನ ಮೇಲಿದ್ದ ಪುಟ್ಟ ತೂಕದ ಯಂತ್ರವನ್ನು ತೋರುಬೆರಳಿನಿಂದ ಒತ್ತಿದರು. ಅಂಕಿ 500 ಗ್ರಾಮಿಗೆ ಬಂದು ನಿಂತಿತು. ಮತ್ತೊಮ್ಮೆ ಒತ್ತಿದರು, ಈ ಸಲ ಒಂದು ಕಿಲೋ. ‘ಕಿವಿಯ ಮುಂದಿನ ದವಡೆಕೀಲಿಗೆ ಅರ್ಧ ಕಿಲೋ ಒತ್ತಡ, ಸ್ನಾಯುವಿಗೆ ಒಂದು ಕಿಲೋ ಮೇಡಂ. ಹೆಚ್ಚು ಒತ್ತಿದರೆ ಚೆನ್ನಾಗಿರುವ ಜಾಗವೂ ನೋಯುತ್ತದೆ. ಕಡಿಮೆಯಾದರೆ ನೋಯುವ ಜಾಗ ತಪ್ಪಿಸಿಕೊಳ್ಳುತ್ತದೆ’ ಎಂದರು.

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲು ಹೇಳಿದರು. ಮೂಳೆಯ ಗುಂಡನೆಯ ತುದಿ ಬೆರಳಡಿಯಲ್ಲಿ ಮುಂದಕ್ಕೆ ಜಾರುವುದು ನನಗೂ ತಿಳಿಯುತ್ತಿತ್ತು. ಎಡಗಡೆ ನಯವಾಗಿ ಜಾರಿತು, ಬಲಗಡೆ ತಡೆದು ಲಟಕ್ಕೆಂದಿತು. ಅಲ್ಲೇ ಒತ್ತಿದಾಗ ಕಣ್ಣು ಮುಚ್ಚಿಕೊಂಡೆ. ‘ಇದು ನಾನು ಒತ್ತಿದ್ದಕ್ಕೆ ಆದ ನೋವೋ, ದಿನಾ ಕಾಡುವ ಅದೇ ನೋವೋ?’ ಅದೇ ನೋವು. ಮೂರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಆಮೇಲೆ ಹಲ್ಲು ಕಚ್ಚಿ ಹಿಡಿಯಲು ಹೇಳಿ, ಕೆನ್ನೆಯಲ್ಲಿ ಉಬ್ಬಿದ ಸ್ನಾಯುವನ್ನು ಗುರುತು ಮಾಡಿಕೊಂಡು, ಸಡಿಲ ಬಿಟ್ಟ ಮೇಲೆ ಅದನ್ನೂ ಒತ್ತಿದರು. ನೋವು ನೇರ ಹಿಂದಿನ ಹಲ್ಲಿಗೆ ಹೋಯಿತು! ರೂಟ್ ಕೆನಾಲ್ ಹೇಳಿದ್ದ ಅದೇ ಹಲ್ಲಿಗೆ. ಹಲ್ಲನ್ನು ಬೇರೆಯಾಗಿ ತಟ್ಟಿ, ತಣ್ಣನೆಯದನ್ನು ಮುಟ್ಟಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಹಲ್ಲು ಗಟ್ಟಿಯಾಗಿತ್ತು. ಅಳತೆಪಟ್ಟಿ ಇಟ್ಟಾಗ ನೋವಿಲ್ಲದೆ ಬಾಯಿ ತೆರೆದದ್ದು 33 ಮಿಲಿಮೀಟರ್. ಸಾಮಾನ್ಯವಾಗಿ 40ರ ಮೇಲಿರಬೇಕಂತೆ.

ಅವರು ಕೊಟ್ಟ ಸಲಹೆ ಇಷ್ಟು: ಖಡಕ್ ರೊಟ್ಟಿ ಬೇಡ, ಬಿಸಿ ಮೆತ್ತನೆಯ ರೊಟ್ಟಿ ಸಾಕು. ದಿನಕ್ಕೆರಡು ಸಲ ಬಿಸಿ ಶಾಖ. ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಾಗದಿರಲಿ. ಈ ಕೊನೆಯದು ಕಷ್ಟವಾಯಿತು. ಉತ್ತರಪತ್ರಿಕೆ ತಿದ್ದುವಾಗೆಲ್ಲ ಹಲ್ಲು ಕಚ್ಚುತ್ತಿದ್ದೇನೆಂದು ಆಗಲೇ ಗೊತ್ತಾದದ್ದು. ಆರು ವಾರಗಳ ನಂತರ ಅವರೇ, ಅದೇ ಒತ್ತಡದಲ್ಲಿ ಮತ್ತೆ ಪರೀಕ್ಷಿಸಿದರು. ಕೀಲಿನಲ್ಲಿ ಸದ್ದು ಉಳಿದಿದೆ, ನೋವಿಲ್ಲ. ಬಾಯಿ 41 ಮಿಲಿಮೀಟರ್ ತೆರೆಯಿತು.

ಕೊರತೆಯೂ ಇದೆ. ಎರಡು ಗಂಟೆ ಕಾದೆ, ಸಲಹೆಯ ಹಾಳೆ ಬರೀ ಇಂಗ್ಲಿಷಿನಲ್ಲಿತ್ತು. ನನ್ನ ಪಕ್ಕದಲ್ಲಿದ್ದ ಅಜ್ಜಿಗೆ ಅದನ್ನು ನಾನೇ ಓದಿ ಹೇಳಿದೆ. ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆಯೇ ಚೀಟಿ ಮಾಡಿಸಿ, ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ.