ಥರ್ಮಾಮೀಟರ್ ಎಲ್ಲಿಡೋಣ: ತಾರಸಿಯಲ್ಲೋ, ಹಿತ್ತಲಲ್ಲೋ?

ಮನೆಯಲ್ಲೇ ತಾಪಮಾನ ಬರೆದಿಡಬೇಕು ಅಂತಿದ್ದೀರಾ? ಹಿತ್ತಲಿದ್ದರೆ ಹಿತ್ತಲನ್ನೇ ಆರಿಸಿ.

ತಾರಸಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ನೆರಳಿನ ಕಾಟವೂ ಕಡಿಮೆ. ಆದರೆ ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದ ಮೇಲೆ ಆ ಕಾವನ್ನು ನಿಧಾನಕ್ಕೆ ಬಿಡುತ್ತದೆ. ಊರು ತಣ್ಣಗಾದರೂ ನಿಮ್ಮ ಥರ್ಮಾಮೀಟರ್ ಇಳಿಯುವುದಿಲ್ಲ. ರಾತ್ರಿಯ ಕನಿಷ್ಠ ತಾಪಮಾನ ಹೀಗೆ ಸುಮ್ನೆ ಜಾಸ್ತಿ ದಾಖಲಾಗುತ್ತದೆ. ನನಗೆ ಇದೇ ದೊಡ್ಡ ದೋಷ ಅನಿಸುತ್ತದೆ.

ಹಿತ್ತಲಲ್ಲಿ ಹುಲ್ಲು ನೆಲ ಸಿಗುತ್ತದೆ. ವಿಶ್ವ ಹವಾಮಾನ ಸಂಸ್ಥೆ ಹೇಳುವ ಎತ್ತರ ನೆಲದಿಂದ 1.25ರಿಂದ 2 ಮೀಟರ್. ಅಳೆಯುವ ಜಾಗಗಳನ್ನು ಆ ಸಂಸ್ಥೆ ಐದು ದರ್ಜೆಯಾಗಿ ವಿಂಗಡಿಸುತ್ತದೆ, ಮೊದಲನೆಯದೇ ಅತ್ಯುತ್ತಮ. ಆ ಮೊದಲ ದರ್ಜೆಗೆ ಕಟ್ಟಡ, ಕಾಂಕ್ರೀಟ್ ಎಲ್ಲ 100 ಮೀಟರ್ ದೂರ ಇರಬೇಕು. ಪೇಟೆಯ ಸೈಟಿನಲ್ಲಿ ಅದು ಆಗದ ಮಾತು, ಅಲ್ವಾ? 10 ಮೀಟರ್ ಬಿಟ್ಟರೆ ಮೂರನೇ ದರ್ಜೆ. ತಪ್ಪು 1 ಡಿಗ್ರಿವರೆಗೆ. ಕೊನೆಯ, ಐದನೇ ದರ್ಜೆಯಲ್ಲಿ 5 ಡಿಗ್ರಿವರೆಗೂ ಹೋಗಬಹುದು! ಕಾಂಪೌಂಡ್ ಗೋಡೆಗೆ ಮಾತ್ರ ಅಂಟಿಸಬೇಡಿ.

ಎಲ್ಲೇ ಇಟ್ಟರೂ ಗಾಳಿಯಾಡುವ ಬಿಳಿ ಪೆಟ್ಟಿಗೆ ಬೇಕು, ಬಾಗಿಲು ಉತ್ತರಕ್ಕೆ. ಮುಂದೆ ಜಾಗ ಬದಲಿಸಿದರೆ ಹಳೆಯದು, ಹೊಸದು ಎರಡೂ ಕಡೆ ಒಂದು ವರ್ಷ ಜೊತೆಯಾಗಿ ಅಳೆಯಿರಿ. ಬದಲಿಸಿದ ತಾರೀಕನ್ನೂ ಪುಸ್ತಕದಲ್ಲಿ ಬರೆದಿಡಿ.