ಇಂಗ್ಲಿಷ್ ಗದ್ಯಪಾಠ: ನಾಲ್ಕು ಪದ್ಧತಿ, ಒಂದು 40 ನಿಮಿಷದ ಪೀರಿಯಡ್

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತಮುತ್ತಲಿನ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ಉರ್ದು ಅಥವಾ ಲಂಬಾಣಿ. ಶಾಲೆಯ ಗೇಟು ದಾಟಿದ ಮೇಲೆ ಇಂಗ್ಲಿಷ್ ಕಿವಿಗೆ ಬೀಳುವುದೇ ಅಪರೂಪ. ಹೀಗಾಗಿ ದಿನಕ್ಕೊಂದು ಪೀರಿಯಡ್ಡೇ ಎಲ್ಲ, ಅದನ್ನು ಹೇಗೆ ಬಳಸುತ್ತೇವೆ ಎಂಬುದು ಬಹಳ ಮುಖ್ಯ. ಎಂಟರಿಂದ ಹತ್ತನೇ ತರಗತಿವರೆಗೆ ನಾಲ್ಕು ಪದ್ಧತಿಗಳನ್ನು ಬಳಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಹೋಲಿಸಿದ್ದೇವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು: ಒಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಮುಂದಿನ ಸಾಲು. ಪಾಠ ನಾಲ್ಕೈದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ, ಸಿಲಬಸ್ ಹಿಂದೆ ಬೀಳುವುದಿಲ್ಲ, ಮಕ್ಕಳಿಗೆ ಕಥೆಯೂ ತಿಳಿಯುತ್ತದೆ. ಆದರೆ ತಿಳಿದದ್ದು ಕಥೆ ಮಾತ್ರ, ಇಂಗ್ಲಿಷ್ ಅಲ್ಲ. ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಪಾಠ ಮುಗಿದ ಮರುದಿನ ಪುಸ್ತಕ ತೆರೆಸಿ, ‘ದಾಟಿದರು ಅನ್ನೋ ಶಬ್ದದ ಮೇಲೆ ಬೆರಳಿಡ್ರಿ’ ಎಂದು ಕೇಳಿ. ‘ದ ವುಮೆನ್ ಕ್ರಾಸ್ಡ್ ದ ಸ್ಟ್ರೀಮ್’ ಎಂಬ ಸಾಲಿನಲ್ಲಿ ಬಹಳಷ್ಟು ಬೆರಳು ‘ಸ್ಟ್ರೀಮ್’ ಮೇಲೆ ನಿಲ್ಲುತ್ತವೆ. ಪುಸ್ತಕದಲ್ಲೂ ಹಾಗೆಯೇ: ‘ಕ್ರಾಸ್ಡ್’ ಮೇಲೆ ಪೆನ್ಸಿಲ್ಲಿನಲ್ಲಿ ‘ಹಳ್ಳ’, ‘ಸ್ಟ್ರೀಮ್’ ಮೇಲೆ ‘ದಾಟಿದರು’. ಕಾರಣ ಸ್ಪಷ್ಟ. ‘ಹೆಂಗಸರು ಹಳ್ಳ ದಾಟಿದರು’ ಎಂದು ಇಡೀ ವಾಕ್ಯದ ಅರ್ಥ ಹೇಳಿದೆವು, ಮಗು ಕೇಳಿದ ಕ್ರಮದಲ್ಲೇ ಶಬ್ದ ಹೊಂದಿಸಿಕೊಂಡಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಅರ್ಥ ಹೇಳಿದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಹಾಗಂತ ಕನ್ನಡವನ್ನು ತರಗತಿಯಿಂದ ಹೊರಗೆ ಹಾಕುವುದು ಇನ್ನೂ ದೊಡ್ಡ ತಪ್ಪು. ಪೂರ್ತಿ ಇಂಗ್ಲಿಷಿನಲ್ಲೇ ನಡೆಸಿದರೆ ಹಿಂದಿನ ಮೂರು ಬೆಂಚು ಹತ್ತು ನಿಮಿಷದಲ್ಲಿ ಕೈಬಿಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಕನ್ನಡ ಇರಬೇಕಾದದ್ದು ಮೊದಲ ಐದಾರು ನಿಮಿಷ, ಅದೂ ಬೋರ್ಡಿನ ಎಡಗಡೆ: ಎಂಟಕ್ಕಿಂತ ಹೆಚ್ಚಿಲ್ಲದ ಹೊಸ ಶಬ್ದಗಳು, ಪಕ್ಕದಲ್ಲಿ ಅರ್ಥ, ಕ್ರಿಯಾಪದಗಳು ಮಾತ್ರ ಬಣ್ಣದ ಚಾಕ್‌ಪೀಸಿನಲ್ಲಿ. ಶಬ್ದಕ್ಕೆ ಅರ್ಥ ಹೇಳಿ, ವಾಕ್ಯಕ್ಕೆ ಬೇಡ.

ಎರಡನೆಯದು ಗಟ್ಟಿಯಾಗಿ ಓದಿಸುವುದು. ಸಾಮೂಹಿಕ ಓದನ್ನು ನಂಬಬೇಡಿ. ಹತ್ತು ಮಕ್ಕಳು ಓದುತ್ತಾರೆ, ಉಳಿದವರು ಅವರ ಹಿಂದೆ ಅರ್ಧ ಸೆಕೆಂಡು ತಡವಾಗಿ ದನಿ ಕೂಡಿಸುತ್ತಾರೆ. ಅದಕ್ಕಿಂತ ಜೋಡಿ ಓದು ಎಷ್ಟೋ ಮೇಲು. ಇಬ್ಬರಿಗೆ ಒಂದು ಪುಸ್ತಕ, ಒಬ್ಬರು ಐದು ಸಾಲು ಓದಿದರೆ ಇನ್ನೊಬ್ಬರ ಬೆರಳು ಸಾಲಿನ ಮೇಲೆ, ಆಮೇಲೆ ಅದಲು ಬದಲು. 48 ಮಕ್ಕಳಿದ್ದರೆ 24 ಜೋಡಿ. ದಿನಕ್ಕೆ ಆರು ಜೋಡಿಯ ಪಕ್ಕ ನಿಂತು ಕೇಳಿದರೆ ನಾಲ್ಕು ದಿನದಲ್ಲಿ ಇಡೀ ತರಗತಿ ಕಿವಿಗೆ ಬಿದ್ದಿರುತ್ತದೆ. ನಮ್ಮ ಕಡೆ ಮುಖ್ಯವಾಗಿ ಸಿಗುವ ತೊಡಕು ‘ಇಸ್ಕೂಲ್’, ‘ಇಸ್ಟೂಡೆಂಟ್’. ಅದು ಅರ್ಥಕ್ಕೆ ಅಡ್ಡಿಯಾಗುವುದಿಲ್ಲ, ಅದರ ಹಿಂದೆ ಬಿದ್ದು ಮಗುವಿನ ದನಿ ಅಡಗಿಸಬಾರದು. ತಿದ್ದಲೇಬೇಕಾದದ್ದು ಭೂತಕಾಲದ ‘ಇ-ಡಿ’. ‘ವಾಕೆಡ್’ ಎಂದು ಓದುವವರಿಗೆ ಮೂರು ದನಿ ಬೋರ್ಡಿನ ಮೇಲೆ ಬರೆದು ತೋರಿಸಿ: ವಾಕ್ಟ್, ಕಾಲ್ಡ್, ವಾಂಟಿಡ್. ಇದು ತಿಳಿಯದ ಮಗು ‘ವಾಕ್ಟ್’ ಎಂದು ಕೇಳಿದಾಗ ‘ವಾಕ್’ ಎಂದೇ ಬರೆಯುತ್ತದೆ, ಭೂತಕಾಲ ಕಿವಿಯಲ್ಲೇ ಕಳೆದುಹೋಗುತ್ತದೆ.

ಇಂಗ್ಲಿಷ್ ಶಬ್ದದ ಮೇಲೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳಲು ಎಂಟನೇ ತರಗತಿಯ ಮೊದಲ ಎರಡು ತಿಂಗಳು ಬಿಡಬಹುದು. ಆಮೇಲೆ ನಿಲ್ಲಿಸಬೇಕು, ಏಕೆಂದರೆ ಕಣ್ಣು ಕನ್ನಡದ ಮೇಲೇ ಓಡುತ್ತದೆ, ಕೆಳಗಿನ ಸ್ಪೆಲ್ಲಿಂಗ್ ನೋಡುವುದೇ ಇಲ್ಲ.

ಮೂರನೆಯದು ಕೇಳಿ ಕಟ್ಟುವುದು. ನಮ್ಮ ಒಲವು ಪೂರ್ತಿ ಇದರ ಕಡೆಗಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಪಾಠದಿಂದಲೇ 45ರಿಂದ 60 ಶಬ್ದಗಳ, ನಾಲ್ಕೈದು ವಾಕ್ಯದ ಒಂದು ತುಂಡು ಆರಿಸಿ. ಐದು ನಿಮಿಷ ಹೊಸ ಶಬ್ದ. ಆಮೇಲೆ ಪುಸ್ತಕ ಮುಚ್ಚಿಸಿ ಸಹಜ ವೇಗದಲ್ಲಿ ಎರಡು ಸಲ ಓದಿ: ಮೊದಲ ಸಲ ಪೆನ್ನು ಕೆಳಗೆ, ಎರಡನೇ ಸಲ ಸಿಕ್ಕಷ್ಟು ಶಬ್ದ ಗೀಚಿಕೊಳ್ಳಲಿ. ಇದಕ್ಕೆ ನಾಲ್ಕು ನಿಮಿಷ ಸಾಕು. ನಾಲ್ವರ ಗುಂಪು 12 ನಿಮಿಷದಲ್ಲಿ ಆ ತುಂಡನ್ನು ಮತ್ತೆ ಕಟ್ಟಬೇಕು. ಒಂದು ಗುಂಪಿನ ಬರಹ ಬೋರ್ಡಿನ ಮೇಲೆ ಹಾಕಿ, ಪುಸ್ತಕ ತೆರೆಸಿ, 12 ನಿಮಿಷ ಹೋಲಿಕೆ. ಉಳಿದ ಏಳು ನಿಮಿಷ ಪ್ರತಿಯೊಬ್ಬರೂ ತಿದ್ದಿ ಬರೆಯುವುದಕ್ಕೆ.

ಬೋರ್ಡಿನ ಮೇಲೆ ಬರುವುದು ಹೀಗಿರುತ್ತದೆ: ‘ವುಮೆನ್ ಸನ್‌ರೈಸ್ ಬಿಫೋರ್ ಫೀಲ್ಡ್ ವೆಂಟ್’. ಇದು ಅಡ್ಡಾದಿಡ್ಡಿ ತಪ್ಪಲ್ಲ, ಅಚ್ಚ ಕನ್ನಡದ ವಾಕ್ಯ. ‘ಸೂರ್ಯೋದಯಕ್ಕೆ ಮುಂಚೆ’ ಎನ್ನುವಾಗ ‘ಮುಂಚೆ’ ಹಿಂದೆ ಬರುತ್ತದೆ, ಅದಕ್ಕೇ ‘ಬಿಫೋರ್’ ಕೂಡ ಹಿಂದೆ ಹೋಯಿತು. ‘ಹೊಲಕ್ಕೆ’ ಎಂಬುದರ ‘ಕ್ಕೆ’ ಶಬ್ದಕ್ಕೇ ಅಂಟಿದೆ, ಅದಕ್ಕೇ ‘ಟು’ ಮಾಯ. ಕನ್ನಡದಲ್ಲಿ ಇಂಗ್ಲಿಷಿನ ‘ದ’ ಎನ್ನುವಂಥದೇ ಇಲ್ಲ, ಅದೂ ಮಾಯ. ಪುಸ್ತಕದ ಸಾಲು ಪಕ್ಕದಲ್ಲಿಟ್ಟು ಬಾಣದ ಗುರುತು ಹಾಕಿದರೆ ಮಕ್ಕಳು ತಾವೇ ‘ಸರ್, ಬಿಫೋರ್ ಮುಂದ ಬರ್ತದ್ರೀ’ ಎನ್ನುತ್ತಾರೆ. ವ್ಯಾಕರಣದ ನಿಯಮ ಉರು ಹೊಡೆಸಿದಾಗ ಬಾರದ ತಿಳಿವು ಇಲ್ಲಿ ಬರುತ್ತದೆ, ಏಕೆಂದರೆ ತಪ್ಪು ಅವರದೇ, ಈಗಷ್ಟೇ ಮಾಡಿದ್ದು.

ಕೆಡುವುದು ಮೂರು ಕಡೆ. ಓದುವವರು ಕರುಣೆಯಿಂದ ನಿಧಾನ ಮಾಡಿದರೆ ಅದು ಬರೀ ಉಕ್ತಲೇಖನವಾಗುತ್ತದೆ, ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಹೊಸ ಶಬ್ದ ಐದಾರು ದಾಟಿದ ತುಂಡು ಆರಿಸಿದರೆ ಗುಂಪು ಖಾಲಿ ಹಾಳೆ ಹಿಡಿದು ಕೂಡುತ್ತದೆ. ಮತ್ತೆ, ಪ್ರತಿ ಗುಂಪಿನಲ್ಲಿ ಒಬ್ಬ ಜಾಣ ಬರೆದು ಮುಗಿಸಿ ಉಳಿದ ಮೂವರು ನಕಲು ಮಾಡುತ್ತಾರೆ. ಇದಕ್ಕೆ ಪೆನ್ನು ಒಂದೇ ಇಡಿ, ವಾಕ್ಯಕ್ಕೊಂದು ಕೈ ಬದಲಾಗಲಿ. ಗದ್ದಲ ಆಗೇ ಆಗುತ್ತದೆ. ಪಕ್ಕದ ಕೋಣೆಯಲ್ಲಿ ಗಣಿತ ನಡೆದಿದ್ದರೆ ವರಾಂಡಕ್ಕೆ ಹೋಗುವುದು ಒಳ್ಳೆಯದು.

ನಾಲ್ಕನೆಯದು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನು ಮಾತ್ರ ಆರಿಸಿ ಅಭ್ಯಾಸ ಮಾಡಿಸುವುದು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ ಲಿಖಿತ 80, ಆಂತರಿಕ 20. ಪ್ರಿಪರೇಟರಿ (ಪೂರ್ವಸಿದ್ಧತಾ) ಪರೀಕ್ಷೆಯ ಹೊತ್ತಿಗೂ ಒಂದು ವಾಕ್ಯ ಬರೆಯಲಾರದ ಮಗುವಿಗೆ ಇದು ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪತ್ರವನ್ನು ಇಡಿಯಾಗಿ ಬಾಯಿಪಾಠ ಮಾಡಿಸಿದರೆ ಪ್ರಶ್ನೆ ‘ತಂದೆಗೆ’ ಬದಲು ‘ಮುಖ್ಯೋಪಾಧ್ಯಾಯರಿಗೆ’ ಎಂದು ಬಂದಾಗಲೂ ‘ಮೈ ಡಿಯರ್ ಫಾದರ್’ ಎಂದೇ ಶುರುವಾಗುತ್ತದೆ. ನಮೂನೆ ಬೇರೆ, ಒಡಲು ಬೇರೆ ಎಂದು ಒಡೆದು ಕಲಿಸಿ: ವಿಳಾಸ, ದಿನಾಂಕ, ಸಂಬೋಧನೆ, ಮುಕ್ತಾಯ ಬಾಯಿಪಾಠ, ನಡುವಿನ ನಾಲ್ಕು ವಾಕ್ಯ ಕೇಳಿ ಕಟ್ಟಿದ ಅಭ್ಯಾಸದಿಂದ. ಕಂಠಪಾಠದ ಪದ್ಯವನ್ನು ಜನವರಿಗೆ ಇಡಬೇಡಿ, ಜೂನಿನಿಂದಲೇ ವಾರಕ್ಕೆ ನಾಲ್ಕು ಸಾಲು ಸಾಕು.

ಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭತ್ತದ ನಾಟಿಯ ದಿನಗಳಲ್ಲಿ, ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಬೆಂಚು ಖಾಲಿಯಾಗುತ್ತವೆ. ಸಾಲುಸಾಲಿನ ಅರ್ಥದಲ್ಲಿ ಒಂದು ವಾರ ತಪ್ಪಿದ ಮಗು ಪಾಠದ ನಡುವೆ ಬಂದು ಕೂತು ಏನೂ ತಿಳಿಯದೆ ಎದ್ದು ಹೋಗುತ್ತದೆ. ಕೇಳಿ ಕಟ್ಟುವುದು ಅಂದಂದಿಗೆ ಮುಗಿಯುವ ಕೆಲಸ, ಸೋಮವಾರ ಬಂದವರೂ ಸೋಮವಾರದಿಂದಲೇ ಸೇರಬಹುದು. ಆ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ ಇದನ್ನು, ಎರಡು ದಿನ ಜೋಡಿ ಓದನ್ನು ಇಟ್ಟುಕೊಳ್ಳಿ. ಮರಳಿ ಬಂದ ಮಗುವನ್ನು ಮೊದಲ ವಾರ ಚೆನ್ನಾಗಿ ಓದುವವರ ಜೊತೆ ಜೋಡಿ ಮಾಡಿ, ಬಿಟ್ಟುಹೋದ ತುಂಡುಗಳನ್ನು ಆ ಜೊತೆಗಾರರ ನೋಟ್‌ಬುಕ್ಕಿನಿಂದಲೇ ಓದಿಸಿ.